ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಳೆದ ತಿಂಗಳು ಪುಣೆಯ ಆಸ್ಪತ್ರೆಯೊಂದರ ಮುಂದೆ ಕಾರು ನಿಲ್ಲಿಸಿ ಡಿಕ್ಕಿಯ ಬಟನ್ ಒತ್ತಿದೆ. ‘ಟಕ್’ ಅಂತ ಸದ್ದಾಯಿತು, ಅಷ್ಟೇ. ಲಾಕ್ ಬಿಡಲಿಲ್ಲ. ಅಮ್ಮನ ವೀಲ್‌ಚೇರ್ ಒಳಗೆ, ಹಿಂದೆ ರಿಕ್ಷಾಗಳ ಹಾರ್ನ್. ಕೊನೆಗೆ ಹಿಂದಿನ ಸೀಟು ಮಡಚಿ, ಒಳಗೆ ತೆವಳಿ, ವೀಲ್‌ಚೇರ್ ಎಳೆದು ತೆಗೆದೆ. “ಕೈಯಲ್ಲಿ ಎತ್ತೋ ಬಾಗಿಲಿಗೆ ಮೋಟರ್ ಯಾಕೆ ಬೇಕಿತ್ತೋ?” ಅಂದಳು ಅಮ್ಮ. ಉತ್ತರ ಇರಲಿಲ್ಲ.

ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಹಾಕಿ ನೋಡಿ, ಮೋಟರ್ ಮತ್ತು ಕಂಟ್ರೋಲ್ ಯೂನಿಟ್ ಎರಡೂ ಬದಲಿಸಬೇಕು, 48,000 ರೂಪಾಯಿ ಅಂದರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೇ. ಡೇಟಾಬೇಸ್ ಕೆಟ್ಟಿದೆ ಅಂತ ಲಾಗ್ ಕೂಗುತ್ತಿರುತ್ತದೆ, ತಪ್ಪು ನೆಟ್‌ವರ್ಕಿನಲ್ಲಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕಾರಿನ ವಾರಂಟಿ ಹೇಗೂ ಮುಗಿದಿತ್ತು. ಒಂದು ಭಾನುವಾರ ನಾನೇ ನೋಡೋಣ ಅಂತ ಕೂತೆ.

ಬ್ಯಾಟರಿ 12.5 ವೋಲ್ಟ್, ಫ್ಯೂಸ್ ಸರಿ. ಮ್ಯಾನುಯಲ್ ಓದಿದಾಗ, ಡಿಕ್ಕಿ ಬಾಗಿಲಿನ ಒಳಬದಿಯ ಪುಟ್ಟ ಮುಚ್ಚಳದ ಹಿಂದೆ ತುರ್ತು ಲಿವರ್ ಇದೆ ಅಂತ ಗೊತ್ತಾಯಿತು. ಅದನ್ನು ಎಳೆದು ಬಾಗಿಲನ್ನು ಕೈಯಿಂದ ಎತ್ತುವಾಗ ನಂಬರ್ ಪ್ಲೇಟಿನ ಲೈಟ್ ಮಿಣಮಿಣ ಅಂತು. ಹಿಂದಿನ ವೈಪರ್ ಕೂಡ ಕೆಲವು ವಾರಗಳಿಂದ ಸೋಮಾರಿಯಾಗಿತ್ತು. ಮೂರಕ್ಕೂ ಒಟ್ಟಿಗೇ ರೋಗ ಬಂದರೆ ಮೋಟರನ್ನು ಬೈದು ಏನು ಪ್ರಯೋಜನ? ಮೂರರ ವೈರುಗಳೂ ಛಾವಣಿಯಿಂದ ಬಾಗಿಲಿಗೆ ಒಂದೇ ರಬ್ಬರ್ ಪೈಪಿನಲ್ಲಿ ದಾಟುತ್ತವೆ.

ಆದರೆ ಮೋಟರಿನ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿದರೆ 12.4 ವೋಲ್ಟ್! ಹಾಗಾದರೆ ವೈರ್ ಸರಿ ಇದೆಯಲ್ಲ? ಅಲ್ಲಿ ನಾನು ಸೋತೆ. ನಮ್ಮ ಬೀದಿ ಕೊನೆಯ ಎಲೆಕ್ಟ್ರಿಷಿಯನ್ ಕಾಕಾನನ್ನು ಕರೆದೆ. ಅವರು ನಕ್ಕು, ಇಂಡಿಕೇಟರಿನ 21 ವ್ಯಾಟ್ ಬಲ್ಬೊಂದನ್ನು ಆ ಎರಡು ಪಿನ್ನುಗಳಿಗೆ ಹಚ್ಚಿದರು. ಬಲ್ಬ್ ಕೆಂಪಗೆ ಮಂಕಾಯಿತು, ಮೀಟರ್ 5ಕ್ಕೆ ಇಳಿಯಿತು. ಪೈಪ್ ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿರುವಾಗ ಪ್ರೆಶರ್ ಪೂರ್ತಿ ಇರುತ್ತದೆ, ತಿರುಗಿಸಿದರೆ ಹನಿ ಹನಿ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದಕ್ಕೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಆಮೇಲೆ ಬಲ್ಬಿನ ಅರ್ಥ್ ತುದಿಯನ್ನು ಪಿನ್ನಿನಿಂದ ತೆಗೆದು ಕಾರಿನ ಬಾಡಿಗೆ ಮುಟ್ಟಿಸಿದರು. ಪ್ರಕಾಶಮಾನವಾಗಿ ಉರಿಯಿತು. ಅಂದರೆ ಕೆಟ್ಟಿದ್ದು ಮೂರಕ್ಕೂ ಸೇರಿದ ಅರ್ಥ್ ವೈರ್. ರಬ್ಬರ್ ಪೈಪ್ ಸರಿಸಿದರೆ ಅದೇ ಜಾಗದಲ್ಲಿ ಎರಡೇ ಎಳೆ ತಾಮ್ರದ ಮೇಲೆ ನೇತಾಡುತ್ತಿತ್ತು. ದಿನಕ್ಕೆ 4 ಸಲ ಬಾಗಿಲು ತೆಗೆದು ಹಾಕಿದರೂ 5 ವರ್ಷಕ್ಕೆ 7,300 ಸಲ. ಅಷ್ಟು ಬಾಗಿದರೆ ತಾಮ್ರವೂ ದಣಿಯುತ್ತದೆ.

ಬ್ಯಾಟರಿಯ ಮೈನಸ್ ಕಳಚಿ, ಬಾಗಿಲಿಗೆ ಕೋಲು ಊರಿ, ಮೆತ್ತನೆಯ ಹೊಸ ವೈರ್ ಹಾಕಿದರು. ಬೆಸುಗೆಯನ್ನು ಬಾಗುವ ಜಾಗದಲ್ಲಿ ಬಿಟ್ಟು ಆಚೆ ಈಚೆ ಮಾಡಿ ಸ್ಲೀವ್ ಏರಿಸಿದರು. ಬಾಗುವ ಕಡೆಯೇ ಬೆಸೆದರೆ ಮತ್ತೆ ಅಲ್ಲೇ ಮುರಿಯುತ್ತದಂತೆ. ಖರ್ಚು 600 ರೂಪಾಯಿ.

ನಿಮ್ಮ ಡಿಕ್ಕಿಯೂ ಹಟ ಹಿಡಿದರೆ, ಮೋಟರ್ ಬದಲಿಸಲು ಒಪ್ಪುವ ಮೊದಲು ಒಂದೇ ಪ್ರಶ್ನೆ ಕೇಳಿ: ಲೋಡ್ ಹಾಕಿ ಅಳೆದಿರಾ?

ಮೊನ್ನೆ ಮತ್ತೆ ಆಸ್ಪತ್ರೆಗೆ ಹೋದಾಗ ಬಾಗಿಲು ತಾನಾಗಿ ಎದ್ದಿತು. ಅಮ್ಮನಿಗೆ ಇನ್ನೂ ನಂಬಿಕೆ ಬಂದಿಲ್ಲ. “ಮತ್ತೆ ನಿಂತ್ರೆ?” ಅಂದಳು. ಆ ತುರ್ತು ಲಿವರ್ ಎಲ್ಲಿದೆ ಅಂತ ತೋರಿಸಿದ್ದೇನೆ.