ದುಡಿಯುವವರಿಗೆ ಕಲಿಯುವ ಹೊತ್ತು: ಕೌಶಲ್ಯಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯ ಮಾನ್ಯ ಸಚಿವರ ಸನ್ನಿಧಿಗೆ,



ಮೂವತ್ತೊಂದು ವರ್ಷ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಫಿಟ್ಟರ್ ವೃತ್ತಿಯನ್ನು ಕಲಿಸಿ, ಈಗ ನಿವೃತ್ತನಾಗಿ ಹುಬ್ಬಳ್ಳಿಯಲ್ಲಿ ನೆಲೆಸಿರುವ ನಾನು, ತಮಗೆ ಖಾಸಗಿಯಾಗಿ ಬರೆಯಬಹುದಾಗಿದ್ದ ಸಂಗತಿಯನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದು ಗೋಕುಲ ರಸ್ತೆ, ತಾರಿಹಾಳ, ರಾಯಾಪುರ, ಬೇಲೂರುಗಳ ಕಾರ್ಖಾನೆಗಳಲ್ಲಿಯೂ ಊರೊಳಗಿನ ಗ್ಯಾರೇಜುಗಳಲ್ಲಿಯೂ ದುಡಿಯುತ್ತ, ಕೈಗೆ ಬಂದ ಕೆಲಸವನ್ನು ಇನ್ನಷ್ಟು ಚೆನ್ನಾಗಿ ತಿಳಿಯಬೇಕೆಂಬ ಹಂಬಲವನ್ನು ಮನಸ್ಸಿನಲ್ಲಿಟ್ಟುಕೊಂಡಿರುವ ಅಸಂಖ್ಯ ಜನರ ಸಂಗತಿ. ಸಚಿವರಿಗೆ ಪತ್ರ ಬರೆಯುವ ವ್ಯವಧಾನ ಅವರಿಗಿಲ್ಲ, ನನಗಿದೆ.

ನನ್ನ ಸೇವೆಯ ಕೊನೆಯ ವರ್ಷ, ಪ್ರವೇಶದ ದಿನಗಳಲ್ಲಿ, ಒಬ್ಬ ತರುಣ ಬಂದನು. ಮಳೆ ಹಿಡಿದಿತ್ತು, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದನು. ವಾಲ್ವು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಆರು ವರ್ಷಗಳಿಂದ ದುಡಿಯುತ್ತಿದ್ದವನು; ವಯಸ್ಸು ಇಪ್ಪತ್ತಾರು. ತನಗೆ ವಯಸ್ಸು ಮೀರಿತೋ ಏನೋ ಎಂದು ಅಂಜುತ್ತ ಕೇಳಿದನು. ಮೀರಿಲ್ಲ, ಹದಿನಾಲ್ಕು ತುಂಬಿದ ಮೇಲೆ ಈ ಶಿಕ್ಷಣಕ್ಕೆ ಗರಿಷ್ಠ ವಯೋಮಿತಿಯೇ ಇಲ್ಲವೆಂದು ನಾನು ಹೇಳಿದಾಗ ಅವನ ಮುಖದಲ್ಲಿ ಕಂಡ ಸಂತೋಷ, ತರಗತಿಗಳು ಹಗಲೆಲ್ಲ ನಡೆಯುವವೆಂದು ಹೇಳಿದೊಡನೆ ಇಳಿದುಹೋಯಿತು. "ನಾ ಹಗಲಿ ಬಂದ್ರ ಮನ್ಯಾಗ ಒಲಿ ಹೊತ್ತೂದಿಲ್ರಿ ಸರ. ಸಂಜೀ ಮುಂದ ಕಲಸೂದು ಏನರ ಐತೇನ್ರಿ?" ಎಂದನು. ಇಲ್ಲವೆನ್ನಬೇಕಾಯಿತು. ಆ ಹೊತ್ತಿಗೆ ನನ್ನ ಬೆನ್ನ ಹಿಂದೆ, ಸರ್ಕಾರ ಲಕ್ಷಾಂತರ ರೂಪಾಯಿ ವೆಚ್ಚಮಾಡಿ ಸ್ಥಾಪಿಸಿದ ಯಂತ್ರಗಳ ಮೇಲೆ ಸೇವಕನು ಬಟ್ಟೆ ಹೊದಿಸುತ್ತಿದ್ದನು, ಐದು ಗಂಟೆಯಾಗಿತ್ತು.

ಆ ತರುಣನನ್ನು ಭಾನುವಾರಗಳಂದು ಮನೆಗೆ ಬರಲು ಹೇಳಿದೆನು. ಆರು ವರ್ಷಗಳಲ್ಲಿ ಅವನು ಎಷ್ಟು ಸಾವಿರ ಬಿಡಿಭಾಗಗಳನ್ನು ಪರೀಕ್ಷಿಸಿ ಪೆಟ್ಟಿಗೆಗೆ ಹಾಕಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಆದರೆ ಗೋ–ನೋಗೋ ಗೇಜಿನಲ್ಲಿ ಹೊಗುತ್ತದೆಯೋ ಇಲ್ಲವೋ ಎಂಬುದನ್ನು ಹೊರತುಪಡಿಸಿ, ಆ ವಸ್ತುವಿನ ಅಳತೆ ಎಷ್ಟೆಂಬುದನ್ನು ಅವನು ಒಮ್ಮೆಯೂ ಓದಿರಲಿಲ್ಲ. ನಮ್ಮ ಪಡಸಾಲೆಯ ಬೆಳಕಿನಲ್ಲಿ ವರ್ನಿಯರ್ ಕ್ಯಾಲಿಪರನ್ನು ಅವನ ಕೈಗೆ ಕೊಟ್ಟು, ಮುಖ್ಯ ಮಾಪಕದಲ್ಲಿ 24 ದಾಟಿದೆ, ಈಗ ವರ್ನಿಯರಿನ ಯಾವ ಗೆರೆ ಮೇಲಿನ ಗೆರೆಗೆ ನೇರವಾಗಿ ಕೂಡಿದೆ ನೋಡು ಎಂದೆನು. ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ ಹದಿನೆಂಟನೆಯದು ಎಂದನು. ಲೀಸ್ಟ್ ಕೌಂಟ್ 0.02 ಮಿಲಿಮೀಟರು; ಹದಿನೆಂಟಕ್ಕೆ 0.36, ಒಟ್ಟು 24.36. ಅವನು ಆ ತುಂಡನ್ನು ತಿರುಗಿಸಿ ಮತ್ತೊಂದು ಕಡೆಯಿಂದ ಅಳೆದನು. 24.34 ಬಂದಿತು. "ಇದು ಪೂರಾ ಗುಂಡ ಇಲ್ರಿ ಸರ" ಎಂದು ತಾನಾಗಿಯೇ ಹೇಳಿದನು. ಬೋಧಕನ ಜೀವನದಲ್ಲಿ ಇಂಥ ಕ್ಷಣಗಳು ವಿರಳ. ಹಗಲು ದುಡಿಯುವವನ ತಿಳಿವಳಿಕೆ ಮಂದವೆಂದು ಭಾವಿಸುವವರಿದ್ದಾರೆ. ಮೂವತ್ತೊಂದು ವರ್ಷ ಕಲಿಸಿದ ನಾನು ಆ ಮಾತನ್ನು ಒಪ್ಪಲಾರೆನು. ಆರು ವರ್ಷ ಲೋಹವನ್ನು ಕೈಯಲ್ಲಿ ಹಿಡಿದವನು ಒಂದು ತಾಸಿನಲ್ಲಿ ಗ್ರಹಿಸುವುದನ್ನು, ಆಗಷ್ಟೇ ಶಾಲೆಯಿಂದ ಬಂದ ಹುಡುಗನಿಗೆ ತಿಳಿಸಲು ನನಗೆ ಒಂದು ವಾರ ಹಿಡಿಯುತ್ತಿದ್ದಿತು.

ಧಾರವಾಡವನ್ನು ವಿದ್ಯಾಕಾಶಿಯೆಂದು ಕರೆಯುವ ವಾಡಿಕೆಯಿದೆ. ಅರಟಾಳ ರುದ್ರಗೌಡರೇ ಮೊದಲಾದ ಮಹನೀಯರ ಪರಿಶ್ರಮದಿಂದ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನಿಂದ ಹಿಡಿದು, 1947ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಬಂದ ಐ.ಐ.ಟಿ.ಯವರೆಗೆ ಒಂದು ಶತಮಾನದಲ್ಲಿ ಈ ಅವಳಿನಗರಗಳಿಗೆ ಲಭಿಸಿದ ವಿದ್ಯಾಸಂಪತ್ತು ಯಾವ ಊರಾದರೂ ಹೆಮ್ಮೆಪಡತಕ್ಕದ್ದೇ ಸರಿ. ಆದರೆ ಇದೇ ಅವಳಿನಗರ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಇಲ್ಲಿಗೆ ಬಂದಂದಿನಿಂದ, ಭೋಂಗಾದ ಸದ್ದಿಗೆ ಎದ್ದು ದುಡಿಯಲು ಹೋಗುವ ಜನರ ಊರೂ ಆಗಿದೆ. ಈ ಎರಡು ಊರುಗಳೂ ಒಂದೇ ರಸ್ತೆಯ ಮೇಲಿವೆ, ಒಂದೇ ಚಿಗರಿ ಬಸ್ಸಿನಲ್ಲಿ ಪ್ರಯಾಣ ಮಾಡುತ್ತವೆ. ಒಂದರ ಬಾಗಿಲು ಮತ್ತೊಂದಕ್ಕೆ ತೆರೆಯುವ ಹೊತ್ತು ಮಾತ್ರ ಇನ್ನೂ ಒದಗಿ ಬಂದಿಲ್ಲ.

ಸಾಧನಗಳ ಕೊರತೆಯೆಂದು ಹೇಳುವಂತಿಲ್ಲ. ರಾಜ್ಯ ಸರ್ಕಾರ 2021–22ರ ಹೊತ್ತಿಗೆ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐ.ಟಿ.ಐ.ಗಳನ್ನು ಉನ್ನತೀಕರಿಸಿ, ಸಿ.ಎನ್.ಸಿ. ಯಂತ್ರಗಳಿಂದ ತೊಡಗಿ ರೋಬೋಟುಗಳವರೆಗೆ ಹೊಸ ಉಪಕರಣಗಳನ್ನು ಒದಗಿಸಿತು. ಅಲ್ಪಾವಧಿ ಶಿಕ್ಷಣವೂ ಆ ಯೋಜನೆಯ ಉದ್ದೇಶಗಳಲ್ಲೊಂದು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಹುಬ್ಬಳ್ಳಿಯಲ್ಲಿಯೂ ಇದೆ. ಇನ್ನು ಡಿಪ್ಲೊಮಾ ಮತ್ತು ಪದವಿ ಓದಬಯಸುವ ಉದ್ಯೋಗಸ್ಥರಿಗಾಗಿ ಅನುಕೂಲವಾದ ಸಮಯದಲ್ಲಿ ಪ್ರತ್ಯೇಕ ತರಗತಿ ನಡೆಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಈಚಿನ ವರ್ಷಗಳಲ್ಲಿ ಅನುಮತಿ ಕೊಟ್ಟಿದೆ. ಮೇಲ್ವಿಚಾರಕನಿಗೆ ದೊರೆತ ಈ ಸೌಕರ್ಯ ಅವನ ಕೈಕೆಳಗೆ ಯಂತ್ರ ನಡೆಸುವವನಿಗೂ ದೊರೆಯಲೆಂಬುದೇ ನನ್ನ ವಿನಂತಿಯ ಮೂಲ.

ಸಂಜೆಯ ತರಗತಿಯೆಂದರೆ ಆರರಿಂದ ಎಂಟರವರೆಗೆ ಒಂದು ಕೋಣೆಯ ದೀಪ ಹಚ್ಚಿದರಾಯಿತೆಂದು ತಮ್ಮ ಅಧಿಕಾರಿಗಳು ಭಾವಿಸಬಾರದೆಂದು, ಅನುಭವದಿಂದ ಕಲಿತ ಒಂದು ವಿಷಯವನ್ನು ತುಸು ವಿಸ್ತಾರವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ ನಾನಿದ್ದ ಒಂದು ಸಂಸ್ಥೆಯಲ್ಲಿ ಇಂಥ ತರಗತಿಯೊಂದನ್ನು ಉತ್ಸಾಹದಿಂದ ಆರಂಭಿಸಿದೆವು. ಮೊದಲ ವಾರ ಇಪ್ಪತ್ತೆರಡು ಜನ ಬಂದರು. ಎರಡನೆಯ ವಾರ ಅರ್ಧದಷ್ಟು ಜನ ಕಾಣಲಿಲ್ಲ; ಮೂರನೆಯ ವಾರ ಅವರು ಮರಳಿ ಬಂದಾಗ ನಡುವಿನ ಪಾಠ ತಪ್ಪಿಹೋಗಿ, ಮುಂದಿನದು ತಿಳಿಯದೆ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತರು. ಮೂರು ತಿಂಗಳಲ್ಲಿ ಉಳಿದವರು ಐವರು. ಕಲಿಯುವ ಮನಸ್ಸು ಇವರಿಗಿಲ್ಲವೆಂದು ವರದಿ ಬರೆದು ತರಗತಿಯನ್ನು ಮುಚ್ಚಲಾಯಿತು. ಆ ವರದಿಗೆ ನಾನೂ ಸಹಿ ಮಾಡಿದೆನೆಂಬುದು ಇಂದಿಗೂ ನನ್ನನ್ನು ಬಾಧಿಸುತ್ತದೆ. ಕಾರಣ ಬೇರೆಯಿತ್ತು. ಕಾರ್ಖಾನೆಯ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ: ಈ ವಾರ ಬೆಳಗಿನ ಪಾಳಿಯಲ್ಲಿದ್ದು ಸಂಜೆ ಬಿಡುವಾಗಿರುವವನು ಮುಂದಿನ ವಾರ ಮಧ್ಯಾಹ್ನ ಕೆಲಸಕ್ಕೆ ಹೋಗಿ ರಾತ್ರಿ ಹನ್ನೊಂದಕ್ಕೆ ಮನೆ ಸೇರುತ್ತಾನೆ. ಅವನಿಗೆ ಆ ವಾರ ಬಿಡುವಿರುವುದು ಬೆಳಿಗ್ಗೆ. ಆದುದರಿಂದ ಒಂದೇ ಪಾಠವನ್ನು ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಹೇಳಬೇಕು. ಕಲಿಯುವವನು ಯಾವ ವಾರ ಯಾವುದಕ್ಕೆ ಬಂದರೂ ಅವನ ಹೆಸರು ಒಂದೇ ಹಾಜರಿ ಪುಸ್ತಕದಲ್ಲಿರಬೇಕು. ಇಷ್ಟು ಮಾಡಿದ್ದರೆ ಆ ಇಪ್ಪತ್ತೆರಡು ಜನರಲ್ಲಿ ಬಹುಪಾಲು ಉಳಿಯುತ್ತಿದ್ದರೆಂದು ನನ್ನ ದೃಢವಾದ ನಂಬಿಕೆ.

ಹೆಣ್ಣುಮಕ್ಕಳ ವಿಷಯದಲ್ಲಿ ಹೊತ್ತಿನ ಸಮಸ್ಯೆ ಮತ್ತೊಂದು ರೂಪ ತಾಳುತ್ತದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಹಾಗೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಸಹಯೋಗದಿಂದ ಹುಟ್ಟಿದ ರುಡ್‌ಸೆಟ್ ಸಂಸ್ಥೆ, ಧಾರವಾಡದಲ್ಲಿಯೂ ಶಾಖೆಯನ್ನು ಹೊಂದಿ, ಊಟ ವಸತಿಗಳೊಡನೆ ಉಚಿತವಾಗಿ ಅಲ್ಪಾವಧಿ ತರಬೇತಿ ಕೊಡುತ್ತಿರುವುದು ಸ್ತುತ್ಯವಾದ ಕಾರ್ಯ. ಕೇಂದ್ರ ಸರ್ಕಾರವೇ ಅದನ್ನು ಮಾದರಿಯಾಗಿಟ್ಟುಕೊಂಡು ದೇಶದಾದ್ಯಂತ ಇಂಥ ಸಂಸ್ಥೆಗಳನ್ನು ತೆರೆಯಿಸಿತು. ಆದರೆ ನಮ್ಮ ಓಣಿಯಲ್ಲಿ ಸೀರೆಗೆ ಫಾಲ್ ಹಚ್ಚಿ ಜೀವನ ನಡೆಸುವ ತಾಯಿಯೊಬ್ಬಳು, ಎರಡು ಸಣ್ಣ ಮಕ್ಕಳನ್ನು ಬಿಟ್ಟು ಒಂದು ತಿಂಗಳು ವಸತಿ ಶಿಬಿರಕ್ಕೆ ಹೋಗುವುದು ಹೇಗೆ? ಪ್ರಿನ್ಸೆಸ್ ಕಟ್ ಬ್ಲೌಸು ಕತ್ತರಿಸಲು ಬಂದರೆ ತನ್ನ ಗಳಿಕೆ ಎಷ್ಟೋ ಹೆಚ್ಚೀತೆಂದು ಆಕೆ ಬಲ್ಲಳು. ಆಕೆಗೆ ಬಿಡುವಿರುವುದು ಮಕ್ಕಳು ಶಾಲೆಯಲ್ಲಿರುವ ಹನ್ನೊಂದರಿಂದ ಎರಡರ ನಡುವೆ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಆ ಹೊತ್ತಿಗೆ ಕಲಿಸುವವರು ಬೇಕು. ಈ ಊರಿನ ಹೆಣ್ಣುಮಕ್ಕಳ ಹೊಲಿಗೆಯನ್ನು ಅಲ್ಪವೆಂದು ಎಣಿಸುವವರು ಒಮ್ಮೆ ಬೆಂಗೇರಿಗೆ ಹೋಗಿ, ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಸಿದ್ಧವಾಗುವುದನ್ನು ನೋಡಬೇಕು: ಮೂರಕ್ಕೆ ಎರಡರ ಪ್ರಮಾಣ ಎಳ್ಳಷ್ಟೂ ತಪ್ಪದಂತೆ ಅಲ್ಲಿ ಕೆಲಸ ಮಾಡುವ ಕೈಗಳು ಬಹುತೇಕ ಇಂಥ ತಾಯಂದಿರವೇ.

ಇನ್ನು ಪ್ರಮಾಣಪತ್ರದ ಮಾತು. ಅಲ್ಪಾವಧಿ ಶಿಕ್ಷಣಕ್ರಮಗಳಲ್ಲಿ ಸೇರಿದವನು ಇಂದು ಮೂರು ತಿಂಗಳು ವೆಲ್ಡಿಂಗ್ ಕಲಿತು ಒಂದು ಕಾಗದ ಪಡೆಯುತ್ತಾನೆ. ಎರಡು ವರ್ಷದ ನಂತರ ನಕ್ಷೆ ಓದುವುದನ್ನು ಕಲಿತು ಮತ್ತೊಂದು ಕಾಗದ ಪಡೆಯುತ್ತಾನೆ. ಎರಡೂ ಪೆಟ್ಟಿಗೆಯ ತಳದಲ್ಲಿ ಬೇರೆಬೇರೆಯಾಗಿ ಉಳಿಯುತ್ತವೆ, ಕೂಡಿ ಒಂದಾಗುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಈ ಕೂಡಿಕೆಗೆ ದಾರಿ ತೆರೆದಿದೆ: ಮೂವತ್ತು ತಾಸಿನ ಕಲಿಕೆಗೆ ಒಂದು ಕ್ರೆಡಿಟ್, ಒಂದು ವರ್ಷದ 1200 ತಾಸಿಗೆ ನಲವತ್ತು. ವಾರಕ್ಕೆ ಆರು ತಾಸು ಕಲಿಯಬಲ್ಲವನು ಐದು ವಾರಕ್ಕೊಂದು ಕ್ರೆಡಿಟನ್ನು ಗಳಿಸಿ, ಒಂದು ವರ್ಷದ ವೃತ್ತಿಶಿಕ್ಷಣವನ್ನು 200 ವಾರಗಳಲ್ಲಿ, ಎಂದರೆ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ ಅವಧಿಯಲ್ಲಿ ಮುಗಿಸಬಹುದು. ದೀರ್ಘವೆನಿಸುವ ಈ ಅವಧಿಯೂ, ಕೆಲಸದಲ್ಲಿಯೇ ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ವ್ಯವಸ್ಥೆಯನ್ನು ಪ್ರಾಮಾಣಿಕವಾಗಿ ನಡೆಸಿದರೆ, ಬಹಳ ಮಟ್ಟಿಗೆ ಕುಗ್ಗುತ್ತದೆ. ನನ್ನ ವಾಲ್ವು ಕಾರ್ಖಾನೆಯ ತರುಣನಿಗೆ ಅರ ಹಿಡಿಯುವುದನ್ನೂ ತಿರುಪು ಕೂಡಿಸುವುದನ್ನೂ ಯಾರೂ ಕಲಿಸಬೇಕಾಗಿಲ್ಲ. ಅಳತೆ, ನಕ್ಷೆ, ಲೆಕ್ಕ ಇಷ್ಟನ್ನು ಕಲಿಸಿದರೆ ಸಾಕು.

ಕಲಿಕೆಯ ಪಂಚಾಂಗವನ್ನು ದುಡಿಮೆಯ ಪಂಚಾಂಗಕ್ಕೆ ಹೊಂದಿಸಿದ ನಿದರ್ಶನ ಲೋಕದಲ್ಲಿ ಇಲ್ಲದೆ ಇಲ್ಲ. ಡೆನ್ಮಾರ್ಕಿನಲ್ಲಿ ಗ್ರುಂಟ್‌ವಿಗ್ ಎಂಬ ಪಾದ್ರಿಯ ವಿಚಾರಗಳಿಂದ ಪ್ರೇರಿತವಾಗಿ 1844ರಲ್ಲಿ ಮೊದಲು ತೆರೆದ ಜನತಾ ಪ್ರೌಢಶಾಲೆಗಳು, ಹೊಲದ ಕೆಲಸ ನಿಂತ ಚಳಿಗಾಲದ ತಿಂಗಳುಗಳಲ್ಲಿ ರೈತರ ಮಕ್ಕಳನ್ನು ಕರೆದು ಕಲಿಸಿದವು. ಆ ಮಾದರಿಯನ್ನೇ ಅನುಸರಿಸಿ ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿತ್ತು. ಕಸುಬಿನ ಕಲಿಕೆಗೆ ನಮ್ಮ ಹಿರಿಯರು ಕೊಟ್ಟ ಬೆಲೆಯೂ ಸಣ್ಣದಲ್ಲ: ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತಾವು ತೆಗೆದುಕೊಳ್ಳದೆ, ಅದನ್ನು ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದು ಹೇಳಿ, 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅದಕ್ಕೆ ತಮ್ಮ ಹೆಸರನ್ನೂ ಇಡಗೊಡದೆ ಮಹಾರಾಜರ ಹೆಸರನ್ನಿಡಿಸಿದ ಸಂಗತಿಯನ್ನು ತಾವು ಬಲ್ಲಿರಿ. ಅಣೆಕಟ್ಟುಗಳನ್ನು ಕಟ್ಟಿದ ಆ ಮಹಾನುಭಾವರು ಇಳಿವಯಸ್ಸಿನಲ್ಲಿ ತಮ್ಮ ಗಳಿಕೆಯನ್ನು ಒಪ್ಪಿಸಿದ್ದು ಕೈಕೆಲಸ ಕಲಿಯುವವರಿಗೆ.

ಬೋಧಕರು ಎಲ್ಲಿಂದ ಬರಬೇಕೆಂಬ ಪ್ರಶ್ನೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಹಗಲೆಲ್ಲ ಕಲಿಸಿದ ಕಿರಿಯ ತರಬೇತಿ ಅಧಿಕಾರಿಯ ಮೇಲೆ ಸಂಜೆಯ ಹೊರೆಯನ್ನೂ ಹೇರುವುದು ಅನ್ಯಾಯ. ಅದಕ್ಕೆ ಪ್ರತ್ಯೇಕ ಗೌರವಧನ ಬೇಕು. ಯಂತ್ರ ನಡೆಯುವಲ್ಲಿ ರಾತ್ರಿ ಒಬ್ಬನೇ ಇರಬಾರದು, ಇಬ್ಬರಿರಬೇಕು. ನನ್ನಂತೆ ನಿವೃತ್ತರಾದವರು, ರೈಲ್ವೆ ಕಾರ್ಯಾಗಾರದಿಂದ ಹೊರಬಂದ ನುರಿತ ಕುಶಲಿಗಳು ಈ ಊರಿನ ಓಣಿ ಓಣಿಗಳಲ್ಲಿದ್ದಾರೆ. ಕರೆದರೆ ಬರುತ್ತಾರೆ, ನಾನಂತೂ ಬರುತ್ತೇನೆ.

ನನ್ನ ಬೇಡಿಕೆ ಹೊಸ ಕಟ್ಟಡವಾಗಲಿ ಹೊಸ ಯೋಜನೆಯ ಹೆಸರಾಗಲಿ ಅಲ್ಲ. ಮುಂದಿನ ವರ್ಷದ ಪ್ರವೇಶ ಪ್ರಕಟಣೆಯಲ್ಲಿ, ಹುಬ್ಬಳ್ಳಿ–ಧಾರವಾಡದ ಒಂದೇ ಒಂದು ಸರ್ಕಾರಿ ಸಂಸ್ಥೆಯ ಹೆಸರಿನ ಮುಂದೆ, ಉದ್ಯೋಗದಲ್ಲಿರುವವರಿಗೆ ಬೆಳಿಗ್ಗೆ ಮತ್ತು ಸಂಜೆ ತರಗತಿಗಳುಂಟು, ಯಾವ ತಿಂಗಳಲ್ಲಿ ಬೇಕಾದರೂ ಸೇರಬಹುದು, ಅರ್ಜಿಯನ್ನು ರಾತ್ರಿ ಎಂಟರವರೆಗೆ ಸ್ವೀಕರಿಸಲಾಗುವುದು ಎಂಬ ಒಂದು ವಾಕ್ಯವನ್ನು ಸೇರಿಸಿ ಕೊಡಿರಿ. ಆ ಪ್ರಕಟಣೆಯ ಪ್ರತಿಯನ್ನು ಕಾರ್ಖಾನೆಗಳ ಹಾಜರಿ ಗಡಿಯಾರದ ಪಕ್ಕದಲ್ಲಿ ಅಂಟಿಸುವ ಕೆಲಸವನ್ನು ನಾನು ಮಾಡುತ್ತೇನೆ. ಆ ತರುಣ ಇಂದಿಗೂ ಪಾಳಿ ಬಿಡುವಿದ್ದ ಭಾನುವಾರ ನಮ್ಮ ಮನೆಗೆ ಬರುತ್ತಾನೆ. ಕಳೆದ ವಾರ ಅವನಿಗೆ ಮೈಕ್ರೋಮೀಟರು ತೋರಿಸಿದೆನು. ಲೇಥನ್ನು ತೋರಿಸಬೇಕಾದ ದಿನ ಹತ್ತಿರ ಬಂದಿದೆ, ಅದು ನಮ್ಮ ಪಡಸಾಲೆಯಲ್ಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಫಿಟ್ಟರ್ ಬೋಧಕ
ಹುಬ್ಬಳ್ಳಿ