ಸೈರನ್ ಸಾಲದು, ಬೆಲ್ಟೂ ಬೇಕು

ಊರಿನಲ್ಲಾದರೆ ಆಪತ್ತಿಗೆ ನಾಲ್ಕು ಜನ ಓಡಿಬರುತ್ತಾರೆ. ಪರಸ್ಥಳದಲ್ಲಿರುವ ನಾವು ಆಂಬುಲೆನ್ಸನ್ನೇ ನೆಚ್ಚಬೇಕು. ಸದ್ದು, ದೀಪ, ಕೆಂಪು ಬರಹ ಇದ್ದರೆ ಸಾಕೆಂದು ಹತ್ತಿಬಿಡುತ್ತೇವೆ. ಆದರೆ ಗಾಡಿ ಡಿಕ್ಕಿ ಹೊಡೆದು ನಿಂತರೂ ಒಳಗಿನ ವಸ್ತು ನಿಲ್ಲುವುದಿಲ್ಲ. ತೂಕದ 10 ಪಟ್ಟು ಎಳೆತ ಬಿದ್ದರೂ ಸ್ಟ್ರೆಚರು, ಸಲಕರಣೆಗಳು ಕಿತ್ತುಬರಕೂಡದೆಂಬುದು ಯುರೋಪಿನ ಇ.ಎನ್. 1789 ಮಾನದಂಡ. 10 ಕಿಲೋ ಸಿಲಿಂಡರಿಗೆ ಅದು 100 ಕಿಲೋ ಭಾರದ ಎಳೆತ!

ನಮ್ಮಲ್ಲೂ ಹೊಸ ಆಂಬುಲೆನ್ಸುಗಳಿಗೆ 2018ರಿಂದ ಎ.ಐ.ಎಸ್. 125 ನಿಯಮಾವಳಿ ಉಂಟು. ಅದರಲ್ಲಿ ಎ, ಬಿ, ಸಿ, ಡಿ ಎಂದು 4 ಬಗೆ. ‘ಬಿ’ ಬರಿಯ ಸಾಗಣೆಗೆ. ‘ಡಿ’ಯಲ್ಲಿ ಜೀವರಕ್ಷಣೆಯ ಹೆಚ್ಚಿನ ಸಲಕರಣೆಗಳಿರುತ್ತವೆ.

ಆದ್ದರಿಂದ ಮನೆಯಲ್ಲಿ ಎಲ್ಲರೂ ಕ್ಷೇಮವಾಗಿರುವಾಗಲೇ ನಾಲ್ಕು ಕಡೆ ವಿಚಾರಿಸಿಡುವುದು ಲೇಸು: ಗಾಡಿ ಯಾವ ಬಗೆಯದು? ರಾತ್ರಿಯೂ ಬರುವುದೇ? ಆಮ್ಲಜನಕವೂ ತರಬೇತಿ ಪಡೆದವರೂ ಇರುವರೇ? ಪ್ರಾಣಾಪಾಯದ ಹೊತ್ತಿನಲ್ಲಂತೂ ವಿಚಾರಣೆ ಬೇಡ. ಕೂಡಲೇ 108 ಅಥವಾ 112ಕ್ಕೆ ಕರೆ ಮಾಡತಕ್ಕದ್ದು.

ಗಾಡಿ ಹತ್ತಿದಾಗ ಸ್ಟ್ರೆಚರು ನೆಲಕ್ಕೆ ಭದ್ರವಾಗಿದೆಯೇ, ಸಿಲಿಂಡರು ಬಿಗಿಯಾಗಿದೆಯೇ, ರೋಗಿಯ ಹೆಗಲಿಗೂ ಪಟ್ಟಿ ಇದೆಯೇ ನೋಡೋಣ. ಜೊತೆಗೆ ಕೂತ ನಾವೂ ಬೆಲ್ಟು ಹಾಕಿಕೊಳ್ಳೋಣ. ಬೆಲ್ಟಿಲ್ಲದೆ ಕೂತವರು ಡಿಕ್ಕಿಯಾದರೆ ರೋಗಿಯ ಮೇಲೆಯೇ ಬೀಳುವ ಭಯ ಉಂಟಲ್ಲವೇ?