ಊರಿನಿಂದ ಬಂದ ಹುಡುಗನಿಗೆ ಕೀ ಕೊಡುವ ಮೊದಲು

ಕೆಲವು ತಿಂಗಳ ಹಿಂದೆ ಒಂದು ರಾತ್ರಿ ಇಶಾ ನಮಾಝ್ ಮುಗಿದ ಮೇಲೆ ಒಬ್ಬ ಹುಡುಗ ಮಸೀದಿಯ ಮೆಟ್ಟಿಲನ್ನು ಕುಂಟುತ್ತಾ ಇಳಿಯುತ್ತಿದ್ದ. ಬಂಟ್ವಾಳ ತಾಲೂಕಿನವ, 19 ವರ್ಷ. ಪಿಯುಸಿ ಮುಗಿಸಿ ಆರ್.ಟಿ. ನಗರದ ಕಡೆ ಮಾಮನ ಅಂಗಡಿಗೆ ಕೆಲಸಕ್ಕೆ ಬಂದು 3 ತಿಂಗಳಾಗಿತ್ತಷ್ಟೆ. ಅಂಗಡಿಯ ಸ್ಕೂಟರಿನಲ್ಲಿ ಸಾಮಾನು ಕೊಟ್ಟು ಬರುವಾಗ ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಬಸ್ಸೊಂದು ಎಡಕ್ಕೆ ಬಂದದ್ದು ಗೊತ್ತಾಗದೆ ಬಿದ್ದಿದ್ದಾನೆ. ಮೊಣಕಾಲಿಗೆ ಹೊಲಿಗೆ ಬಿದ್ದಿತ್ತು. “ಲೈಸೆನ್ಸ್ ಉಂಟಾ?” ಎಂದು ಕೇಳಿದೆ. “ಇಲ್ಲ ಉಸ್ತಾದ್. ಸ್ವಲ್ಪ ಕೆಲಸ ಕಡಿಮೆ ಆಗ್ಲಿ, ಆಮೇಲೆ ಮಾಡುವ ಅಂತ ಮಾಮ ಹೇಳಿದ್ದಾರೆ” ಎಂದ. ನಂತರ ಮೆಲ್ಲಗೆ, “ಉಮ್ಮನಿಗೆ ಹೇಳಬೇಡಿ” ಎಂದ.

ಅಲ್ಲಾಹನ ಕೃಪೆ, ಹೊಲಿಗೆಯಲ್ಲಿ ಮುಗಿಯಿತು. ಆದರೆ ಆ “ಆಮೇಲೆ ಮಾಡುವ” ಎಂಬ ಮಾತು ನನ್ನನ್ನು ಬಿಡಲಿಲ್ಲ. ಯಾಕೆಂದರೆ ಕರಾವಳಿಯಿಂದ ಈ ಊರಿಗೆ ಬಂದ ಹೊಸತರಲ್ಲಿ ನಾನೂ ಲೈಸೆನ್ಸ್ ಇಲ್ಲದೆ ಸುಮಾರು ಒಂದು ವರ್ಷ ಗೆಳೆಯನ ಬೈಕ್ ಓಡಿಸಿದವನೇ. ಪೊಲೀಸರು ಎಲ್ಲಿ ನಿಲ್ಲುತ್ತಾರೆ ಎಂದು ನೋಡಿಕೊಂಡು ಗಲ್ಲಿ ಗಲ್ಲಿ ಸುತ್ತಿ ಹೋಗುವುದನ್ನೇ ಜಾಣತನ ಅಂದುಕೊಂಡಿದ್ದೆ. ಹಾಗಾಗಿ ಇದು ಬೇರೆಯವರನ್ನು ದೂರುವ ಬರಹ ಅಲ್ಲ. ನಾವೆಲ್ಲ ಸೇರಿ ಮಾಡುತ್ತಿರುವ ತಪ್ಪಿನ ಬಗ್ಗೆ.

ಊರಿನಲ್ಲಿ ನಮ್ಮ ಮಕ್ಕಳು ಗಾಡಿ ಕಲಿಯುವುದು ಗದ್ದೆ ಬದಿಯ ರಸ್ತೆಯಲ್ಲಿ, ಶಾಲೆಯ ಮೈದಾನದಲ್ಲಿ. ಬಿದ್ದರೆ ಎತ್ತುವವರು ಗುರುತಿನವರೇ. ಪೇಟೆಯಲ್ಲಿ ಯಾರಾದರೂ ತಡೆದರೂ “ಇವ ಇಂಥವರ ಮಗ” ಎಂದು ಹೇಳಲು ಒಬ್ಬರಾದರೂ ಸಿಗುತ್ತಾರೆ. ಇಲ್ಲಿ ಹಾಗಲ್ಲ. ಬಳ್ಳಾರಿ ರಸ್ತೆ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಿದ್ದೆಯನ್ನೇ ಮರೆತಿದೆ. ಯಶವಂತಪುರದ ಎಪಿಎಂಸಿ ಯಾರ್ಡಿನ ಸುತ್ತ ಬೆಳಗಿನ ಹೊತ್ತು ಲಾರಿಗಳ ನಡುವೆ ಸ್ಕೂಟರ್ ನುಗ್ಗಿಸುವುದು ಹಳಬರಿಗೇ ಕಷ್ಟ. ನಿನ್ನೆ ಮೊನ್ನೆ ಬಸ್ಸಿನಿಂದ ಇಳಿದ ಹುಡುಗನ ಕೈಗೆ ಕೀ ಕೊಟ್ಟು, “ಗೂಗಲ್ ಮ್ಯಾಪ್ ಹಾಕ್ಕೊಂಡು ಹೋಗು” ಎಂದು ಕಳಿಸುತ್ತೇವೆ. ಅವನಿಗೆ ಗಾಡಿ ಓಡಿಸಲು ಬರಬಹುದು. ಈ ರಸ್ತೆಯಲ್ಲಿ ಓಡಿಸಲು ಇನ್ನೂ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಅಂಗಡಿ, ಹೋಟೆಲ್, ಬೇಕರಿ ನಡೆಸುವ ನಮ್ಮವರು ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 3ನೇ ಸೆಕ್ಷನ್ ಓಡಿಸುವವನಿಗೆ ಸಂಬಂಧಿಸಿದ್ದು: ಲೈಸೆನ್ಸ್ ಇಲ್ಲದೆ ಓಡಿಸಬಾರದು. 5ನೇ ಸೆಕ್ಷನ್ ಗಾಡಿಯ ಮಾಲಕನಿಗೆ ಸಂಬಂಧಿಸಿದ್ದು: ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಡಬಾರದು. ಅಂದರೆ ಹುಡುಗ ಒಬ್ಬನೇ ತಪ್ಪಿತಸ್ಥ ಅಲ್ಲ, ಕೀ ಕೊಟ್ಟವನೂ ಹೌದು. 18 ತುಂಬದ ಮಕ್ಕಳು ಸಿಕ್ಕಿಬಿದ್ದರಂತೂ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲಕನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದುಂಟು. ಲೈಸೆನ್ಸ್ ಇಲ್ಲದ ಹುಡುಗ ದಾರಿಹೋಕರೊಬ್ಬರಿಗೆ ಗುದ್ದಿದ ಅಂತ ಇಟ್ಟುಕೊಳ್ಳಿ. “ಇನ್ಶೂರೆನ್ಸ್ ಇದೆಯಲ್ಲ” ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಗಮನಿಸಬೇಕು. ಮಾಲಕ ಗೊತ್ತಿದ್ದೂ ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟಿದ್ದರೆ, ವಿಮಾ ಕಂಪನಿ ಪೆಟ್ಟು ತಿಂದವರಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲಕನಿಂದ ವಸೂಲಿ ಮಾಡಬಹುದು. ಒಬ್ಬರ ಜೀವ ಹೋದರೆ ಪರಿಹಾರ ಲಕ್ಷಗಟ್ಟಲೆ. ಊರಿನ ಜಾಗ ಮಾರಿದರೂ ಸಾಲದೆ ಹೋಗಬಹುದು. ಹಣದ ಮಾತು ಬಿಡಿ, ಹೋದ ಜೀವವನ್ನು ಯಾವ ಕೋರ್ಟ್ ತಂದು ಕೊಡುತ್ತದೆ?

“ಆರ್‌ಟಿಒ ಕೆಲಸ ಅಂದ್ರೆ ತಲೆನೋವು, ಊರಿಗೆ ಹೋಗಿಯೇ ಮಾಡಿಸಬೇಕು” ಎಂಬ ನಂಬಿಕೆ ಇನ್ನೂ ಹಲವರಲ್ಲಿದೆ. ಅದು ಹಳೆಯ ಮಾತು. 2019ರ ತಿದ್ದುಪಡಿಯ ನಂತರ ತಾನು ವಾಸವಿರುವ ರಾಜ್ಯದ ಯಾವುದೇ ಆರ್‌ಟಿಒದಲ್ಲಿ ಅರ್ಜಿ ಹಾಕಬಹುದು. ಬಂಟ್ವಾಳದವನಾಗಲಿ, ಪುತ್ತೂರಿನವನಾಗಲಿ, ಕೆಎ 04 ನಂಬರಿನ ಯಶವಂತಪುರದಲ್ಲೋ ಕೆಎ 50 ನಂಬರಿನ ಯಲಹಂಕದಲ್ಲೋ ಮಾಡಿಸಿಕೊಳ್ಳಬಹುದು. ಅರ್ಜಿ ‘ಸಾರಥಿ’ ಜಾಲತಾಣದಲ್ಲಿ. ಮೊದಲು ಎಲ್‌ಎಲ್‌ಆರ್. ಅದರ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ರಸ್ತೆಯ ಗುರುತು, ಸಿಗ್ನಲ್, ಯಾರಿಗೆ ದಾರಿ ಬಿಡಬೇಕು ಎಂಬಂಥ ಪ್ರಶ್ನೆಗಳು. ನಿಯಮದ ಪ್ರಕಾರ ನೂರಕ್ಕೆ 60 ಸರಿ ಇದ್ದರೆ ಪಾಸು. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗಬಹುದು. ಕೇಂದ್ರದ ನಿಯಮದಲ್ಲಿ ಒಂದು ಬಗೆಯ ಗಾಡಿಗೆ ಎಲ್‌ಎಲ್‌ಆರ್‌ಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ 200 ರೂಪಾಯಿ ಎಂದಿದೆ. ಒಟ್ಟು 700.

ಎಲ್‌ಎಲ್‌ಆರ್ ಸಿಕ್ಕಿತು ಅಂತ ಮರುದಿನವೇ ಡೆಲಿವರಿಗೆ ಕಳಿಸುವುದೂ ಸರಿಯಲ್ಲ. ಅದು ಕಲಿಯಲಿಕ್ಕೆ ಕೊಟ್ಟ ಅನುಮತಿ. ಗಾಡಿಗೆ ಕೆಂಪು ‘ಎಲ್’ ಫಲಕ ಇರಬೇಕು, ಕಲಿಸುವವರು ಲೈಸೆನ್ಸ್ ಇದ್ದವರಾಗಿ ಜೊತೆಗಿರಬೇಕು.

“ನಾನು ಓದಿದ್ದು ಕಡಿಮೆ, ನನಗೆ ಲೈಸೆನ್ಸ್ ಕೊಡ್ತಾರಾ?” ಎಂದು ಕೇಳುವವರೂ ಇದ್ದಾರೆ. ಬಾಡಿಗೆ ಗಾಡಿ ಓಡಿಸಲು 8ನೇ ತರಗತಿ ಪಾಸಾಗಿರಬೇಕು ಎಂಬ ನಿಯಮವನ್ನು 2019ರಲ್ಲೇ ತೆಗೆದಿದ್ದಾರೆ. ಇನ್ನು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದಿದೆ. ಅಂಗಡಿಯಲ್ಲಿ ಸಾಮಾನು ಹೊರುವ ಹುಡುಗ ನಾಳೆ ಸ್ವಂತ ಗೂಡ್ಸ್ ಗಾಡಿ ಓಡಿಸಲು ದಾರಿ ಇದೆ ಎಂದರ್ಥ.

ಹಾಗಾದರೆ ನಾವೇಕೆ ಮಾಡಿಸುವುದಿಲ್ಲ? ಸಮಯ ಇಲ್ಲ ಎನ್ನುವುದು ಒಂದು ಕಾರಣ. ಬಾಯಿಬಿಟ್ಟು ಹೇಳದ ಕಾರಣ ಮತ್ತೊಂದುಂಟು. ಪರಿಚಯದ ಒಬ್ಬರು ನೇರವಾಗಿಯೇ ಹೇಳಿದರು: “ಲೈಸೆನ್ಸ್ ಕೈಗೆ ಬಂದರೆ ಹುಡುಗ ನಮ್ಮಲ್ಲಿ ನಿಲ್ಲುವುದಿಲ್ಲ ಉಸ್ತಾದ್, ಆ್ಯಪ್ ಡೆಲಿವರಿಗೋ ಗಲ್ಫಿಗೋ ಹೋಗ್ತಾನೆ.” ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಕೆಲಸ ಕಲಿಸಿದ ಹುಡುಗ ಬಿಟ್ಟು ಹೋದರೆ ಅಂಗಡಿಗೆ ನಷ್ಟ. ಆದರೆ ಅವನನ್ನು ಉಳಿಸಿಕೊಳ್ಳಲು ಅವನ ಜೀವವನ್ನೂ ರಸ್ತೆಯಲ್ಲಿ ಹೋಗುವವರ ಜೀವವನ್ನೂ ಅಪಾಯಕ್ಕೆ ಒಡ್ಡಬಹುದೇ? ಅವನ ಉಮ್ಮ ನಮ್ಮನ್ನು ನಂಬಿ ಕಳಿಸಿದ್ದಾಳೆ. ಆ ಹುಡುಗ ನಮ್ಮ ಬಳಿ ಅಮಾನತ್ತು. ಹೋಗುವವನು ಹೇಗೂ ಹೋಗುತ್ತಾನೆ. “ಲೈಸೆನ್ಸ್ ಮಾಡಿಸಿ ಕೊಟ್ಟದ್ದು ಮಾಮ” ಎಂದು ನೆನಪಿಟ್ಟುಕೊಂಡು ಹೋಗಲಿ.

ಗಲ್ಫಿನ ಮಾತು ಬಂತು. ದುಬೈಯಲ್ಲಿ ಲೈಸೆನ್ಸಿಗಾಗಿ ನಮ್ಮವರು ಎಷ್ಟು ಕಷ್ಟಪಡುತ್ತಾರೆ! ಥಿಯರಿ ಪರೀಕ್ಷೆ, ಪಾರ್ಕಿಂಗ್ ಪರೀಕ್ಷೆ, ರಸ್ತೆ ಪರೀಕ್ಷೆ. ಫೇಲಾದರೆ ಮತ್ತೆ ಹಣ, ಮತ್ತೆ ಕ್ಲಾಸು. ಸಿಕ್ಕಿದ ದಿನ ಮನೆಗೆ ಫೋನ್ ಮಾಡಿ ಸಂತೋಷ ಹಂಚಿಕೊಳ್ಳುತ್ತಾರೆ. ಅಲ್ಲಿ ಇಷ್ಟು ತಾಳ್ಮೆ ಇರುವ ನಾವು ಇಲ್ಲಿ 30 ದಿನ ಕಾಯುವುದಿಲ್ಲ. ಕಾದರೂ ಏಜೆಂಟ್ ಮೂಲಕ ಗಾಡಿ ಓಡಿಸದೆಯೇ ಕಾರ್ಡ್ ಸಿಗುತ್ತದಾ ಎಂದು ವಿಚಾರಿಸುತ್ತೇವೆ. ಅಂಥ ಕಾರ್ಡ್ ಪೊಲೀಸರಿಗೆ ತೋರಿಸಲು ಆದೀತು, ಎದುರಿಗೆ ಬರುವ ಲಾರಿಗಲ್ಲ.

ಗಲ್ಫಿನಿಂದ ಮರಳಿದವರೂ ಇಲ್ಲಿ ಒಂದು ರೀತಿಯಲ್ಲಿ ಹೊಸಬರೇ. 15 ವರ್ಷ ಸೌದಿಯಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಿದ ಕೈ, ತಿರುವು ಬಂದಾಗ ತನಗೆ ಗೊತ್ತಿಲ್ಲದೆ ಬಲಕ್ಕೇ ಎಳೆಯುತ್ತದೆ. ಮೊದಲ ಕೆಲವು ದಿನ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಓಡಿಸುವುದರಲ್ಲಿ ಅವಮಾನ ಏನೂ ಇಲ್ಲ. ಊರಿನ ಹಳೆಯ ಲೈಸೆನ್ಸಿನ ತಾರೀಕನ್ನೂ ನೋಡಿಕೊಳ್ಳಿ. ಅವಧಿ ಮುಗಿದು 1 ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು. ಅವಧಿ ಮುಗಿಯುವ 1 ವರ್ಷ ಮೊದಲೇ ನವೀಕರಿಸಲು ಅವಕಾಶ ಇದೆ. ರಜೆಗೆ ಬಂದಾಗಲೇ ಮುಗಿಸಿ ಹೋಗಬಹುದು.

ನಾನು ಕೇಳುವುದು ಮೂರು ಸಣ್ಣ ವಿಷಯ. ಊರಿನಿಂದ ಹುಡುಗ ಬಂದ ಮೊದಲ ವಾರವೇ ಮಾಲಕರು ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿಸಲಿ. ಪರೀಕ್ಷೆಯ ದಿನ ಸಂಬಳ ಕಡಿಯದೆ ರಜೆ ಕೊಡಲಿ. ಲೈಸೆನ್ಸ್ ಬರುವ ತನಕ ಅವನು ಅಂಗಡಿಯೊಳಗಿನ ಕೆಲಸ ಮಾಡಲಿ. ಎರಡನೆಯದು, ನಮ್ಮ ಮಸೀದಿ ಕಮಿಟಿಗಳು ತಿಂಗಳಿಗೊಂದು ಭಾನುವಾರ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಜಿ ತುಂಬಿಸಿ ಕೊಡಲಿ. ರಸ್ತೆಯ ಗುರುತುಗಳನ್ನು ವಿವರಿಸಲು ವರ್ಷಗಟ್ಟಲೆ ಕ್ಯಾಬ್ ಓಡಿಸಿದ ಅನುಭವಿ ಕಾಕಂದಿರು ನಮ್ಮಲ್ಲೇ ಇದ್ದಾರೆ. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ಈಮಾನಿನ ಭಾಗ ಎಂದು ಮದ್ರಸದಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತೇವೆ. ದಾರಿಯಲ್ಲಿ ಹೋಗುವವರಿಗೆ ನಾವೇ ಅಪಾಯ ಆಗದಿರುವುದೂ ಅದೇ ಪಾಠದಲ್ಲಿ ಬರುತ್ತದೆ.

ಮೂರನೆಯದು ಊರಿನಲ್ಲಿ ಈ ಪುಟ ಓದುವ ಉಮ್ಮಂದಿರಿಗೆ. ಮಗ ರಾತ್ರಿ ಫೋನ್ ಮಾಡಿದಾಗ “ಊಟ ಆಯ್ತಾ?” ಎಂದು ಕೇಳುತ್ತೀರಿ. “ಲೈಸೆನ್ಸ್ ಆಯ್ತಾ?” ಎಂದೂ ಒಂದು ಮಾತು ಕೇಳಿ. ನಾವು ಹೇಳಿದರೆ “ಆಮೇಲೆ” ಎನ್ನುತ್ತಾನೆ. ನೀವು ಕೇಳಿದರೆ ಮಾಡಿಸಿಕೊಳ್ಳುತ್ತಾನೆ.